ಪುಟ್ಟಬಸಪ್ಪನ ಮೂಲೆ

ತಿಗನಾರೆಯ ಕಬಡ್ಡಿ ತಂಡ ಎರಡು ವರ್ಷದಿಂದ ಆರೇ ಜನರನ್ನು ಇಟ್ಟುಕೊಂಡು ಆಡುತ್ತಿತ್ತು. ಎರಡು ವರ್ಷದಿಂದ ಸೋಲುತ್ತಲೂ ಇತ್ತು. ಇವೆರಡಕ್ಕೂ ನಂಟಿದೆ ಎಂಬುದು ಊರಿನ ಕರುಗಳಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಯಾಕೆಂದರೆ ಏಳನೆಯವನ ಜಾಗ ಪುಟ್ಟಬಸಪ್ಪನದು, ಆ ಪುಟ್ಟಬಸಪ್ಪ ತೀರಿಕೊಂಡಿದ್ದ.

ಅಂಕಣದ ಎಡಮೂಲೆಯಲ್ಲಿ ನಿಂತು, ಏರಿ ಬಂದವರ ಕಾಲು ಹಿಡಿಯುವುದೇ ಅವನ ಬದುಕಾಗಿತ್ತು. ಅವನು ಹಿಡಿದ ಕಾಲು ಮತ್ತೆ ನಡುಗೆರೆ ಕಂಡದ್ದಿಲ್ಲ. ಆದರೆ ಅಂಪೈರು ಸೀಟಿ ಊದಿದ್ದೇ ತಡ, ಅದೇ ಕಾಲನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಾ, "ನೋವಾಯ್ತಾ ಮಗ?" ಎಂದು ಕೇಳುತ್ತಿದ್ದ. ಸೋತ ಊರಿನವರೇ ಅವನಿಗೆ ಟೀ ಕೊಡಿಸಿ ಬಸ್ಸು ಹತ್ತಿಸುತ್ತಿದ್ದರು. ಅಂಥವನು ಒಂದು ಹಾಳು ಜ್ವರಕ್ಕೆ ಹೋಗಿಬಿಟ್ಟ.

ತಿಥಿಯ ದಿನ, ಊಟ ಮುಗಿದು ಎಲೆ ಎತ್ತುವಾಗ, ಕ್ಯಾಪ್ಟನ್ ನಟರಾಜುವಿಗೆ ದುಃಖ ಉಕ್ಕಿ ಬಂತು. ಚಪ್ಪರದ ಕಂಬ ಹಿಡಿದುಕೊಂಡು, ತಾನು ಕ್ಯಾಪ್ಟನ್ ಆಗಿರುವ ತನಕ ಅಣ್ಣನ ಮೂಲೆಯಲ್ಲಿ ಇನ್ನೊಬ್ಬ ನಿಲ್ಲುವುದಿಲ್ಲ ಎಂದು ಆಣೆ ಮಾಡಿಬಿಟ್ಟ. ಊರೆಲ್ಲ ಅತ್ತಿತು. ಊಟಕ್ಕೆ ಬಂದಿದ್ದ ಎದುರಾಳಿ ಊರು ತಾಳಮಲೆಯ ಆಟಗಾರರೂ ಅತ್ತರು. ಒಳಮನೆಯಲ್ಲಿ ಮಲಗಿದ್ದ ಪುಟ್ಟಬಸಪ್ಪನ ಹೆಂಡತಿ ರಾಚಮ್ಮನಿಗೂ ಆಣೆ ಕೇಳಿಸಿರಬೇಕು, ಅಷ್ಟರಮಟ್ಟಿಗೆ ಅವಳ ಮನಸ್ಸು ತಣ್ಣಗಾಗಿರಬೇಕು ಎಂದು ಎಲ್ಲರೂ ತಿಳಿದರು.

ಅಳು ನಿಂತ ಮೇಲೆ ಆಟ ಶುರುವಾಯಿತಲ್ಲ, ಆಗ ಗೊತ್ತಾಯಿತು ಕಷ್ಟ. ಎಡಮೂಲೆ ಬಾಗಿಲಿಲ್ಲದ ಮನೆಯಾಗಿತ್ತು. ಅದನ್ನು ಮೊದಲು ಕಂಡುಕೊಂಡವನು ತಾಳಮಲೆಯ ರುದ್ರಸ್ವಾಮಿ. ಅವನೇನು ಕೆಟ್ಟವನಲ್ಲ. ಪುಟ್ಟಬಸಪ್ಪನ ಕೈಗೆ ಎಲ್ಲರಿಗಿಂತ ಹೆಚ್ಚು ಸಲ ಸಿಕ್ಕವನು, ತಿಥಿಯಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನು. ಆ ಮೂಲೆಗೆ ಬಂದಾಗಲೆಲ್ಲ, ಬಾಯಲ್ಲಿ ಕಬಡ್ಡಿ ಕಬಡ್ಡಿ ನಿಲ್ಲಿಸದೆ, ಬಗ್ಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಮೇಲೆ ಬೋನಸ್ ಗೆರೆ ದಾಟಿ, ಪಾಯಿಂಟ್ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಅಷ್ಟು ಭಕ್ತಿಯಿಂದ ಸೋಲಿಸುವವನನ್ನು ಬೈಯುವುದಾದರೂ ಹೇಗೆ? ನಟರಾಜು ಮಂಡಿನೋವಿನಿಂದ ಆಡುವುದು ಬಿಟ್ಟು ಗೆರೆಯಾಚೆ ಕುಳಿತಿರುತ್ತಿದ್ದ. ರುದ್ರಸ್ವಾಮಿ ಬಗ್ಗಿದಾಗಲೆಲ್ಲ ಅವನ ಕೈಯೂ ತಾನಾಗಿ ಮುಗಿಯುತ್ತಿತ್ತು. ಹಾಗೆ ಮುಗಿದ ಕೈಗಳ ನಡುವಿನಿಂದಲೇ ಪಾಯಿಂಟ್ ಹೋಗುವುದನ್ನು ನೋಡುತ್ತಿದ್ದ.

ಹತ್ತಿರದ ಪೇಟೆ ತಾಳವಾಡಿಗೆ ಮೊಬೈಲ್ ಟವರ್ ಬಂದ ವರ್ಷ ಹುಡುಗರ ತಾಳ್ಮೆ ಮುಗಿಯಿತು. ತಂಡದಲ್ಲಿ ಚುರುಕಾದವನು ಉಮಾಶಂಕರ. ಮುಂದಿನ ತಿಂಗಳು ತಾಳವಾಡಿಯಲ್ಲಿ ನಡೆಯುವ ಪುಟ್ಟಬಸಪ್ಪನ ನೆನಪಿನ ಪಂದ್ಯದಲ್ಲೂ ಆರೇ ಜನ ಆಡುವುದಾದರೆ, ಅದರ ಮಾರನೇ ದಿನದಿಂದ ತಾವೆಲ್ಲ ಕ್ರಿಕೆಟ್ಟಿಗೆ ಹೋಗುವುದಾಗಿ ಅವನು ಹೇಳಿದ. ಬರೀ ಮಾತಲ್ಲ, ಸತ್ಯಮಂಗಲದಿಂದ ಬ್ಯಾಟೂ ಬಂದಾಗಿತ್ತು.

ತಂಡ ಹೋದರೆ ಪುಟ್ಟಬಸಪ್ಪನ ಮೂಲೆಯನ್ನು ಖಾಲಿ ಇಡುವುದಕ್ಕೂ ಅಂಕಣ ಇರುವುದಿಲ್ಲ. ನಟರಾಜು ನಿದ್ದೆಗೆಟ್ಟ. ಅವನ ಹೆಂಡತಿ ಲೋಕೇಶ್ವರಿಗೆ ಇದರಲ್ಲಿ ನಿದ್ದೆಗೆಡುವಂಥದ್ದೇನೂ ಕಾಣಲಿಲ್ಲ. ಆಣೆ ಮಾಡಿದ ಬಾಯಲ್ಲೇ ಹೋಗಿ, ಅದನ್ನು ಬಿಡಲೇ ಎಂದು ರಾಚಮ್ಮನನ್ನು ಕೇಳು ಎಂದಳು.

ಅವನು ಹೋದಾಗ ರಾಚಮ್ಮ ಹಾಲು ಕರೆಯಲು ಕೂರುತ್ತಿದ್ದಳು.

"ಬಂದ್ಯಾ, ಸರಿಯಾದ್ ಒತ್ಗೆ ಬಂದೆ ಕಣಪ್ಪ. ಈ ಕರ ಇಡ್ಕ."

ಕರು ಹಿಡಿದ. ಆಮೇಲೆ ಹುಲ್ಲು ಹಾಕಿದ. ಆಮೇಲೆ ಕಿತ್ತುಹೋಗಿದ್ದ ಬೇಲಿಗೆ ಎರಡು ಗೂಟ ಹೊಡೆದ. ಕೊನೆಗೆ ಮಜ್ಜಿಗೆ ಲೋಟ ಕೈಗೆ ಬಂದ ಮೇಲೆ, ಅತ್ಗೆ, ಅಣ್ಣನ... ಎಂದು ಶುರು ಮಾಡಿದ. ರಾಚಮ್ಮ ಕೈಲಿದ್ದ ಕೆಲಸ ಬಿಟ್ಟು ಅವನ ಮುಖ ನೋಡಿದಳು. ಆ ನೋಟಕ್ಕೆ ಅವನ ಮಾತು ದಾರಿ ತಪ್ಪಿ, ಅಣ್ಣನ ನೆನಪಿಗೆ ತಾಳವಾಡಿಯಲ್ಲಿ ಆಟ ಇಟ್ಟಿದ್ದಾರೆ, ನೀವೂ ಬರಬೇಕು ಎಂದು ಮುಗಿಯಿತು.

"ನಾ ಒಂದಿನಾನೂ ಅವರ ಆಟ ನೋಡ್ನಿಲ್ಲ ಕಣಪ್ಪ," ಎಂದಳು ರಾಚಮ್ಮ. "ಅವರು ಊರೋರ ಕಾಲೆಲ್ಲ ಇಡ್ಕಂಡು ನಿಂತ್ರೆ, ಒಲಕ್ಕೆ ಬರೋ ಅಂದಿ ಕಾಲ ಯಾರು ಇಡಿಯೋರು? ಬತ್ತೀನಿ ಬುಡು."

ನಟರಾಜು ಹೊಟ್ಟೆ ತುಂಬ ಮಜ್ಜಿಗೆ, ತಲೆ ತುಂಬ ಚಿಂತೆ ಇಟ್ಟುಕೊಂಡು ಮನೆಗೆ ಬಂದ. ಮೊದಲು ಕೇಳುವುದೊಂದೇ ಕಷ್ಟವಿತ್ತು. ಈಗ ಅವಳ ಕಣ್ಣೆದುರಿಗೇ ಆಡಬೇಕು.

ಪಂದ್ಯದ ದಿನ ರಾಚಮ್ಮನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಎದುರಾಳಿ ತಾಳಮಲೆ. ಪುಟ್ಟಬಸಪ್ಪನ ಗುಣಗಾನ ಮಾಡಿದ ದೊಡ್ಡಮನುಷ್ಯರು ಮೈಕು ಬಿಟ್ಟುಕೊಡಲು ಎಷ್ಟು ಹೊತ್ತು ತೆಗೆದುಕೊಂಡರೆಂದರೆ, ಅಷ್ಟರೊಳಗೆ ಪುಟ್ಟಬಸಪ್ಪನಾಗಿದ್ದರೆ ಅವರ ಕಾಲು ಹಿಡಿದು ಕೆಡವಿರುತ್ತಿದ್ದ. ಆಟ ಶುರುವಾಯಿತು. ರುದ್ರಸ್ವಾಮಿ ಬಂದ, ಬಗ್ಗಿದ, ಕಣ್ಣಿಗೊತ್ತಿಕೊಂಡ, ಪಾಯಿಂಟ್ ತೆಗೆದುಕೊಂಡ. ಮತ್ತೆ ಬಂದ, ಮತ್ತೆ ಬಗ್ಗಿದ.

ರಾಚಮ್ಮ ಪಕ್ಕದಲ್ಲಿದ್ದ ಲೋಕೇಶ್ವರಿಯನ್ನು, ಅಲ್ಲೇನು ದೇವರ ಕಲ್ಲಿದೆಯೇ ಎಂದು ಕೇಳಿದಳು. ಲೋಕೇಶ್ವರಿಗೆ ಸುತ್ತಿ ಬಳಸಿ ಹೇಳುವುದು ಬರುತ್ತಿರಲಿಲ್ಲ. ಅದು ನಿಮ್ಮೆಜಮಾನರ ಜಾಗ, ಎರಡು ವರ್ಷದಿಂದ ಅಲ್ಲಿ ಯಾರನ್ನೂ ನಿಲ್ಲಿಸುತ್ತಿಲ್ಲ, ಆಣೆಯಾಗಿದೆ ಎಂದಳು.

ರಾಚಮ್ಮ ಎದ್ದಳು. ಗೆರೆಯಾಚೆ ಚಪ್ಪಲಿ ಬಿಟ್ಟು ನೇರ ಅಂಕಣದೊಳಕ್ಕೆ ನಡೆದಳು. ಅಂಪೈರು ಸೀಟಿ ಊದಿದ. ಅದು ತನಗೆ ಊದಿದ್ದೆಂದು ಅವಳಿಗೆ ಅನ್ನಿಸಲೇ ಇಲ್ಲ. ನಟರಾಜು ಕುಂಟುತ್ತಾ ಓಡಿಬಂದ.

"ಎರಡೊರ್ಸದಿಂದ ಅವರೊಬ್ಬರನ್ನೇ ಈ ಬಿಸ್ಲಲ್ಲಿ ನಿಲ್ಸಿದ್ದೀರಾ?"

"ಅತ್ಗೆ, ಆಣೆ ಮಾಡಿವ್ನಿ..."

"ಮಾಡು ಅಂತ ನಾ ಅಂದಿದ್ನಾ? ಇದ್ದಾಗ ಸಂದೆ ಆಗ್ತಿದ್ದಂಗೆ ಮನೆಗೆ ಬರೋರು. ಈಗ್ಲೂ ಕಳಿಸ್ಕೊಡು. ಆ ಜಾಗ್ದಲ್ಲಿ ನೀ ನಿಂತ್ಕ."

ರಾಚಮ್ಮ ಹಿಂತಿರುಗಿ ಹೋಗಿ, ಚಪ್ಪಲಿ ಮೆಟ್ಟಿ, ಕುರ್ಚಿಯಲ್ಲಿ ಕೂತಳು. ನಟರಾಜು ಪ್ಯಾಂಟು ಮಡಿಸಿ, ಹೊಟ್ಟೆ ಒಳಗೆಳೆದುಕೊಂಡು ಎಡಮೂಲೆಗೆ ಹೋದ.

ರುದ್ರಸ್ವಾಮಿ ಏರಿ ಬಂದ. ಮೂಲೆಯಲ್ಲಿ ಆಳಿರುವುದು ಕಣ್ಣಿಗೆ ಕಂಡರೂ ಎರಡು ವರ್ಷದ ರೂಢಿ ಬಿಡಬೇಕಲ್ಲ. ಕಬಡ್ಡಿ ಕಬಡ್ಡಿ ಎನ್ನುತ್ತಲೇ ಬಗ್ಗಿ ನೆಲ ಮುಟ್ಟಿದ. ಕೈ ಕಣ್ಣಿಗೆ ಮುಟ್ಟುವುದರೊಳಗೆ ನಟರಾಜು ಅವನ ಕಾಲ ಮೇಲೆ ಬಿದ್ದ. ಹಿಡಿದದ್ದು ಕಡಿಮೆ, ಬಿದ್ದದ್ದೇ ಹೆಚ್ಚು. ಅದರ ಮೇಲೆ ಉಮಾಶಂಕರ, ಉಮಾಶಂಕರನ ಮೇಲೆ ಉಳಿದವರು. ಸೀಟಿ ಆಯಿತು. ಎಲ್ಲರೂ ಎದ್ದರೂ ನಟರಾಜು ಏಳಲಿಲ್ಲ. ಅವನ ಕೈ ತಾನಾಗಿ ರುದ್ರಸ್ವಾಮಿಯ ಕಾಲು ಉಜ್ಜುತ್ತಿತ್ತು.

"ನೋವಾಯ್ತಾ ಮಗ?"

"ಕಾಲು ಸರೀಗೇ ಅದೆ ಕಣ್ಲಾ," ಎಂದ ರುದ್ರಸ್ವಾಮಿ ಮಣ್ಣಿನೊಳಗಿಂದ. "ನಿನ್ ಮಂಡಿ ತೆಗಿ, ಬೆನ್ನಿನ ಮ್ಯಾಲದೆ." ಹಾಗೆಂದವನು ಎದ್ದ ಮೇಲೆ ಮುಖ ಒರೆಸಿಕೊಳ್ಳುವುದಕ್ಕೆ ಮಣ್ಣಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

ಪಂದ್ಯವನ್ನು ತಿಗನಾರೆಯವರು ಸೋತರು. ಆದರೆ ಕೊನೆಯ ರೈಡಿನ ತನಕ ಎಳೆದಾಡಿ ಸೋತರು. ಊರಿಗೆ ಹೋಗುವ ಬಸ್ಸಿನಲ್ಲಿ ಉಮಾಶಂಕರ ಹಿಂದಿನ ಸೀಟಿನಲ್ಲಿ ಕೂತು, ನಟರಾಜಣ್ಣನ ಮಂಡಿ ನಂಬಿದರೆ ಆಗದು, ಮುಂದಿನ ಸಲ ಆ ಮೂಲೆ ನನ್ನದು ಎಂದು ಜಗಳ ತೆಗೆದಿದ್ದ. ಇಬ್ಬರು ಮೂವರು, ನನ್ನದು ನನ್ನದು ಎನ್ನುತ್ತಿದ್ದರು. ಬ್ಯಾಟನ್ನು ರಾಚಮ್ಮನಿಗೆ ಕೊಟ್ಟುಬಿಡುವುದು, ಹಂದಿ ಬಂದಾಗ ಡಬ್ಬ ಬಡಿಯಲಾದರೂ ಆದೀತು ಎಂದೂ ತೀರ್ಮಾನವಾಯಿತು.

ಬಸ್ಸು ತುಂಬಿತ್ತು. ರಾಚಮ್ಮನ ಪಕ್ಕದ ಜಾಗವೊಂದು ಮಾತ್ರ ಖಾಲಿ. ಅಲ್ಲಿ ಅವಳ ಚೀಲ ಇತ್ತು. ಎಲ್ಲರೂ ಅದನ್ನು ನೋಡಿದರು, ಯಾರೂ ಕೂರಲಿಲ್ಲ. ಮನೆಗೆ ಕಳಿಸ್ಕೊಡು ಎಂದವಳು ಯಾರನ್ನು ಜೊತೆಯಲ್ಲಿ ಕರೆದೊಯ್ಯುತ್ತಿದ್ದಾಳೆ ಎಂಬುದು ನಟರಾಜುವಿಗೆ ತಿಳಿಯದ್ದೇನಲ್ಲ. ಊದಿದ ಮಂಡಿಯನ್ನು ಒಂದು ಕಂಬಿಗೆ ಆನಿಸಿಕೊಂಡು, ತಿರುವು ಬಂದಾಗಲೆಲ್ಲ ಹಲ್ಲು ಕಚ್ಚುತ್ತಾ ನಿಂತೇ ಇದ್ದ.

ಊರು ಅರ್ಧ ದಾರಿ ಇರುವಾಗ ರಾಚಮ್ಮ ತಲೆಯೆತ್ತಿದಳು.

"ಅದ್ಯಾಕ್ಲಾ ಅಂಗೆ ನಿಂತಿದ್ದೀಯ? ಬಾ ಕೂತ್ಕ. ಇಲ್ಲಿರೋದು ಬರೀ ಚೀಲ."