ಹಿಡಿ ಅಕ್ಕಿ ಕೇಳದೆ ಹೋದ ಶನಿವಾರ

ಶನಿವಾರ ಹತ್ತು ಗಂಟೆಯಾದರೂ ಜೆಬಕನಿಯ ದನಿ ಕೇಳಲಿಲ್ಲ. ತಂಗಪುಷ್ಪಂ ಮಣ್ಣಿನ ಪುಟ್ಟ ಮಡಕೆಯನ್ನು ಸೆರಗಿನಿಂದ ಒರೆಸಿ ಹೊಸ್ತಿಲ ಮೇಲಿಟ್ಟು ಕಾಯುತ್ತಿದ್ದಳು. ಜೆಬಕನಿ ಚರ್ಚಿನ ಹೆಂಗಸರ ಕೂಟಕ್ಕೆ ಹಿರಿಯಳು. ಪ್ರತಿ ಶನಿವಾರ ಚೀಲ ಹಿಡಿದು ಮನೆಮನೆಯ ಮುಂದೆ ನಿಂತು "ಹಿಡಿ ಅಕ್ಕಿ" ಎಂದು ಕೂಗುವವಳು. ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ದೇವರ ಮಡಕೆಗೆ ಹಾಕುವುದು ತೂತುಕುಡಿಯ ಕಡಲಂಚಿನ ಆ ಊರಿನ ಕ್ರೈಸ್ತ ಹೆಂಗಸರ ಪದ್ಧತಿ. ಮದುವೆಯಾಗಿ ಬಂದ ದಿನ ತಂಗಪುಷ್ಪಂಗೆ ಅತ್ತೆ ಕೊಟ್ಟದ್ದು ಒಡವೆಯಲ್ಲ, ಈ ಮಡಕೆ. ಮೂವತ್ತೊಂದು ವರ್ಷದಲ್ಲಿ ಅದು ಒಂದು ಶನಿವಾರವೂ ಖಾಲಿ ಇದ್ದದ್ದಿಲ್ಲ.

ಅವಳು ನೋಡುತ್ತಿದ್ದಂತೆಯೇ ಜೆಬಕನಿ ಬೀದಿಯ ತುದಿಯ ಜಾಲಿಮರದ ತನಕ ಬಂದಳು, ನಿಂತಳು, ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು ಹಿಂದಕ್ಕೆ ಹೊರಟುಹೋದಳು.

ಆ ಊರಿನಲ್ಲಿ ಹಿಡಿ ಅಕ್ಕಿ ಕೇಳದೆ ಬಿಡುವುದು ಚರ್ಚಿನ ಸಭೆಯಿಂದ ಹೊರಗೆ ಹಾಕಿದ ಮನೆಯನ್ನು ಮಾತ್ರ. ಹಿಂದೆ ಒಬ್ಬ ಎರಡನೆಯವಳನ್ನು ಕಟ್ಟಿಕೊಂಡಾಗ ಆರು ತಿಂಗಳು ಅವನ ಮನೆಯ ಮುಂದೆ ಚೀಲ ನಿಂತಿರಲಿಲ್ಲ. ಈಗ ಬಿಟ್ಟದ್ದು ಒಂದು ಮನೆಯನ್ನಲ್ಲ, ಉಪ್ಪು ಬಾಚುವವರ ಇಡೀ ಬೀದಿಯನ್ನು.

ಆ ಬೀದಿಯ ನಲವತ್ತು ಹೆಂಗಸರು ಕೆಲಸ ನಿಲ್ಲಿಸಿ ಅಂದಿಗೆ ಹನ್ನೊಂದು ದಿನ. ಅವರು ಕೇಳಿದ್ದು ದೊಡ್ಡ ಗಂಟಲ್ಲ. ಉಪ್ಪಿನ ಆಗರದಲ್ಲಿ ಕುಡಿಯುವ ನೀರು, ಹೆಂಗಸರು ಮರೆಗೆ ಹೋಗಲು ನಾಲ್ಕು ಗೋಡೆ, ಅಷ್ಟೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಗಾದೆ ಕಟ್ಟಿದವರು ಉಪ್ಪು ಬಾಚುವವಳನ್ನು ಮರೆತರು. ಮರೆ ಇಲ್ಲದ ಬಯಲಿನಲ್ಲಿ ಅವಳು ಬೆಳಗಿನಿಂದ ನಡುಮಧ್ಯಾಹ್ನದ ತನಕ ಗುಟುಕು ನೀರು ಬಾಯಿಗೆ ಹಾಕುವುದಿಲ್ಲ. ಹೋದ ವರ್ಷ ತಂಗಪುಷ್ಪಂ ಉರಿಮೂತ್ರದಿಂದ ಆಗರದಲ್ಲೇ ಬಿದ್ದಾಗ ಡಾಕ್ಟರಮ್ಮ, "ನೀರು ಕುಡಿಯೋಕೆ ನಿಂಗೇನು ಕಷ್ಟ?" ಎಂದು ಗದರಿದ್ದಳು. "ಕುಡಿದು ಎಲ್ಲಿಗೆ ಹೋಗ್ಲಿ, ತಾಯಿ?" ಎಂದಿದ್ದಳು ಇವಳು.

ಆಗರದ ಧಣಿ ವೇದಮುತ್ತು ಸಭೆಯ ಹಿರಿಯ. ಚರ್ಚಿನ ಫ್ಯಾನು, ಮೈಕು, ಮುಂದಿನ ಸಾಲಿನ ಬೆಂಚು, ಎಲ್ಲದರ ಮೇಲೂ ಅವನ ಹೆಸರಿತ್ತು. ಬಿಟ್ಟಿದ್ದರೆ ಶಿಲುಬೆಯ ಮೇಲೂ ಬರೆಸುತ್ತಿದ್ದನೇನೋ.

"ಸಭೇನೇ ಕೈಬಿಡ್ತಲ್ಲಕ್ಕಾ," ಎಂದಳು ಪಕ್ಕದ ಮನೆಯವಳು. "ಇನ್ಯಾವ ಧೈರ್ಯದ ಮೇಲೆ ಕೂತ್ಕೊಳ್ಳೋದು? ಸೋಮವಾರ ನಾವು ಕೆಲಸಕ್ಕೆ ಹೋಗ್ತೀವಿ. ನೀನೂ ಬಾ."

ತಂಗಪುಷ್ಪಂ ಮಡಕೆ ಎತ್ತಿಕೊಂಡು ಬಿಸಿಲಿನಲ್ಲಿ ಚರ್ಚಿಗೆ ನಡೆದಳು.

ಚರ್ಚಿನ ಜಗಲಿಯಲ್ಲಿ ಪಾದ್ರಿ ಸೆಲ್ವಿನ್ ಮತ್ತು ವೇದಮುತ್ತು ಹೊಸ ಕಾಂಪೌಂಡ್ ಗೋಡೆಯ ಮಾತಾಡುತ್ತಿದ್ದರು. ಇಟ್ಟಿಗೆಗಳು ಬಂದು ಅಂಗಳದಲ್ಲಿ ಬಿದ್ದಿದ್ದವು. ಜೆಬಕನಿ ಕಸ ಗುಡಿಸುತ್ತಿದ್ದಳು. ತಂಗಪುಷ್ಪಂ ಮಡಕೆಯನ್ನು ಮೆಟ್ಟಿಲ ಮೇಲೆ ಕುಕ್ಕಿದಳು.

"ನಮ್ಮನ್ನ ಸಭೆಯಿಂದ ತೆಗೆದಿದ್ದು ಯಾವತ್ತು ಅಯ್ಯಾ? ಒಂದ್ಮಾತು ಹೇಳ್ಬಾರ್ದಿತ್ತಾ?"

"ಯಾರು ತೆಗೆದ್ರಮ್ಮಾ?" ಪಾದ್ರಿ ಗಾಬರಿಯಾದರು.

"ಚೀಲ ಬರ್ಲಿಲ್ಲ ನಮ್ಮ ಬೀದಿಗೆ."

ಜೆಬಕನಿ ಪೊರಕೆ ಬಿಟ್ಟು ಓಡಿಬಂದಳು. "ಅಯ್ಯೋ ಅಕ್ಕಾ, ನಂಗೆ ಮನಸ್ಸು ಬರ್ಲಿಲ್ಲ. ಹನ್ನೊಂದು ದಿನದಿಂದ ಕೂಲಿ ಇಲ್ಲ ನಿಮಗೆ. ಉಪವಾಸ ಇರೋರ ಮುಂದೆ ಚೀಲ ಹೇಗೆ ಒಡ್ಡಲಿ ಅಂತ ವಾಪಸ್ ಬಂದ್ಬಿಟ್ಟೆ."

"ತಿನ್ನೋದು ಕಮ್ಮಿ ಮಾಡ್ಕೊಂಡಿದೀವಿ ಕಣೇ, ಕೊಡೋದಲ್ಲ." ತಂಗಪುಷ್ಪಂ, ಸುಳ್ಳು ಬೇಡವೆನಿಸಿ, ದನಿ ತಗ್ಗಿಸಿದಳು. "ಈ ವಾರ ಮಾತ್ರ ನನ್ನ ಕೈಯಲ್ಲಿ ಅಳೀಲಿಲ್ಲ. ಮೊಮ್ಮಗಳ ಪುಟ್ಟ ಕೈಯಲ್ಲಿ ಹಿಡಿ ಹಾಕಿಸ್ದೆ. ಅದೊಂದು ಮೋಸ ಮಾಡಿದೀನಿ."

ಪಾದ್ರಿ ಬಗ್ಗಿ ಮಡಕೆಯೊಳಗೆ ನೋಡಿದರು. ತಳದಲ್ಲಿ ರೇಷನ್ ಅಕ್ಕಿ ಎರಡು ಬೆರಳಿನಷ್ಟಿತ್ತು.

ವೇದಮುತ್ತು ಕೆಮ್ಮಿದ. "ನೋಡಮ್ಮಾ, ಸಭೆ ಬೇರೆ, ಆಗರ ಬೇರೆ. ಅಲ್ಲಿಂದು ತಂದು ಇಲ್ಲಿ ಸುರೀಬೇಡ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದರು ಪಾದ್ರಿ ನಿಧಾನವಾಗಿ. ಅವರು ಒಳ್ಳೆಯವರು, ಆದರೆ ಅಂಜುಬುರುಕರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೋದ ಭಾನುವಾರ ಎರಡೂ ಕಡೆಯವರಿಗಾಗಿ ಪ್ರಾರ್ಥಿಸಿ ಸುಮ್ಮನಿದ್ದವರು. "ಆದ್ರೆ ಈ ಅಕ್ಕೀನ ನಾಳೆ ವೇದಿ ಮುಂದೆ ಇಟ್ಕೊಂಡು, ದೇವರೇ ಇವರನ್ನ ನೋಡ್ಕೋ ಅಂತ ಕೈ ಮುಗಿದ್ರೆ, ನಿನಗೇನು ಕೈ ಇಲ್ವಾ ಅಂತಾನೆ ಅವನು. ಜೆಬಕನಿಯಮ್ಮಾ, ಕೋಣೇಲಿ ಹಿಡಿ ಅಕ್ಕಿ ಎಷ್ಟಿದೆ?"

"ಮೂರು ಮೂಟೆ. ಮಾರೋಕೆ ಇಟ್ಟಿದೀವಿ."

"ಮಾರೋದು ಬೇಡ. ಸೋಮವಾರ ಆಗರದ ಗೇಟಿನ ಮುಂದೆ ಅಸನ ಮಾಡೋಣ."

ಅಸನವೆಂದರೆ ಚರ್ಚಿನ ಹಬ್ಬದ ಸಹಪಂಕ್ತಿಯ ಊಟ. ಅಲ್ಲಿ ಧಣಿ, ಕೂಲಿ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂರಬೇಕು, ಸ್ಥಿತಿವಂತರ ಮನೆಯ ಹೆಂಗಸರು ಬಡಿಸಬೇಕು. ಅದನ್ನು ಉಪ್ಪಿನ ಬಯಲಿನಲ್ಲಿ ಮಾಡುವುದು ಯಾರ ಅಜ್ಜನ ಕಾಲದಲ್ಲೂ ನಡೆದಿರಲಿಲ್ಲ. ವೇದಮುತ್ತು ಚಪ್ಪಲಿ ಮೆಟ್ಟಿಕೊಂಡು ಎದ್ದುಹೋದ.

ಸೋಮವಾರ ಬೆಳಿಗ್ಗೆ ತಂಗಪುಷ್ಪಂ ಗೇಟಿನ ಬಳಿ ಬಂದಾಗ, ಒಳಗೆ ಹೋಗಲೆಂದೇ ಬಂದಿದ್ದ ಬೀದಿಯ ಹೆಂಗಸರು ಹೊರಗೇ ನಿಂತು ಬೆರಗಿನಿಂದ ನೋಡುತ್ತಿದ್ದರು. ಬದುವಿನ ಮೇಲೆ ಮೂರು ಒಲೆ ಉರಿಯುತ್ತಿದ್ದವು. ಮೇಲಿನ ಬೀದಿಯ ಸ್ಥಿತಿವಂತರ ಮನೆಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕುಂಬಳಕಾಯಿ ಹೆಚ್ಚುತ್ತಿದ್ದರು. ಅವರ ನಡುವೆ ವೇದಮುತ್ತುವಿನ ಹೆಂಡತಿ ಎಸ್ತರಮ್ಮಾಳ್ ಕೂಡ ಇದ್ದಳು. "ಇಪ್ಪತ್ತೈದು ವರ್ಷದಿಂದ ಅಸನಕ್ಕೆ ಸಾಂಬಾರು ಮಾಡೋಳು ನಾನು. ಎಲ್ಲಿ ಮಾಡಿದ್ರೂ ನಾನೇ ಮಾಡ್ಬೇಕು," ಎಂದು ಗಂಡನಿಗೆ ಹೇಳಿ ಬಂದಿದ್ದಳಂತೆ. ಅವಳ ಮನಸ್ಸಿನಲ್ಲಿದ್ದದ್ದು ನ್ಯಾಯವಲ್ಲ, ಸಾಂಬಾರು. ದೇವರಿಗೆ ಅಷ್ಟು ಸಾಕಾಯಿತು.

ಬಿಸಿಲು ಏರಿತು. ಬಿಳಿ ಉಪ್ಪಿನ ಝಳ ಕಣ್ಣು ಕುಕ್ಕಿತು. ಒಲೆಯ ಮುಂದಿದ್ದವರು ಚೊಂಬುಗಟ್ಟಲೆ ಮಜ್ಜಿಗೆ ಕುಡಿದರು. ಹನ್ನೊಂದರ ಹೊತ್ತಿಗೆ ಎಸ್ತರಮ್ಮಾಳ್ ಸೌಟನ್ನು ಜೆಬಕನಿಗೆ ಕೊಟ್ಟು, ತಂಗಪುಷ್ಪಂಳನ್ನು ಪಕ್ಕಕ್ಕೆ ಕರೆದಳು.

"ಇಲ್ಲಿ... ಹೋಗೋದೆಲ್ಲಿಗೆ?"

ತಂಗಪುಷ್ಪಂ ಕೈ ಚಾಚಿ ಬಯಲು ತೋರಿಸಿದಳು. ಕಣ್ಣು ಹಾಯುವಷ್ಟು ದೂರ ಬಿಳುಪು. ಒಂದು ಗಿಡವಿಲ್ಲ, ಒಂದು ಮೋಟು ಗೋಡೆಯಿಲ್ಲ. ಲಾರಿಗೆ ತುಂಬುವ ಗಂಡಸರು ಅಲ್ಲೊಬ್ಬ ಇಲ್ಲೊಬ್ಬ ನಿಂತಿದ್ದರು.

"ಎಲ್ಲಿಗೂ ಇಲ್ಲಮ್ಮಾ."

"ಮತ್ತೆ ನೀವು?"

"ನಾವು ನೀರೇ ಕುಡಿಯಲ್ಲ."

ಎಸ್ತರಮ್ಮಾಳ್ ಆ ಬಯಲನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ನಾಲ್ವರು ಹೆಂಗಸರು ತಮ್ಮ ಸೀರೆಯ ಸೆರಗುಗಳನ್ನು ಹರಡಿ ಅವಳ ಸುತ್ತ ನಿಂತರು. ಹೊರಗೆ ಬಂದಾಗ ಅವಳ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. "ಈ ಆಗರದ ಉಪ್ಪಿಂದ ನಮ್ಮನೇಲಿ ಐದು ಬಚ್ಚಲುಮನೆ ಕಟ್ಟಿದಾರೆ," ಎಂದಳು. ಎಲ್ಲರಿಗೂ ಸಾಂಬಾರು ಬಡಿಸಿದಳು, ತಾನು ಮಾತ್ರ ತುತ್ತು ಮುಟ್ಟಲಿಲ್ಲ. ಆ ದಿನ ಬೀದಿಯವರು ಒಬ್ಬರೂ ಗೇಟಿನೊಳಗೆ ಹೋಗಲಿಲ್ಲ.

ವೇದಮುತ್ತುವಿನ ಮನೆಯಲ್ಲಿ ಏನು ನಡೆಯಿತೋ ಊರಿಗೆ ಗೊತ್ತಿಲ್ಲ. ಎರಡು ದಿನ ಅಲ್ಲಿ ಒಲೆ ಹೊತ್ತಲಿಲ್ಲವೆಂದು ಹಾಲಿನವಳು ಹೇಳಿದಳು. ಗುರುವಾರ ನೀರಿನ ಟ್ಯಾಂಕು ಬಂತು. ಮರೆಗೋಡೆಗೆ ಇಟ್ಟಿಗೆ ತರಿಸಲು ತಿಂಗಳು ಬೇಕು ಎಂದು ವೇದಮುತ್ತು ಗೊಣಗಿದಾಗ, ಪಾದ್ರಿ ಚರ್ಚಿನ ಅಂಗಳದ ಇಟ್ಟಿಗೆಗಳನ್ನೇ ಗಾಡಿಗೆ ಹೇರಿಸಿದರು. ಚರ್ಚಿಗೆ ಇಂದಿಗೂ ಕಾಂಪೌಂಡ್ ಇಲ್ಲ. ಆಡುಗಳು ಆರಾಧನೆಯ ನಡುವೆ ಬಂದು ಹೋಗುತ್ತವೆ. ವೇದಮುತ್ತು ಹಲವು ತಿಂಗಳು ಚರ್ಚಿನ ಕಡೆ ತಲೆ ಹಾಕಲಿಲ್ಲ.

ಗೋಡೆ ಎದ್ದ ಮರುದಿನ ತಂಗಪುಷ್ಪಂ ಕೆಲಸಕ್ಕೆ ಹೋದಳು. ಹತ್ತು ಗಂಟೆಗೆ ಬಾಚುಗೋಲು ಬದಿಗಿಟ್ಟು, ಟ್ಯಾಂಕಿನಿಂದ ಒಂದು ಚೊಂಬು ನೀರು ಹಿಡಿದಳು. ಬಾಯಿಗೆ ತಂದವಳು ಅಭ್ಯಾಸಬಲದಿಂದ ತಡೆದಳು. ಊಟಕ್ಕೆ ಮುಂಚೆ ದೇವರಿಗೆ ವಂದನೆ ಹೇಳಿ ಗೊತ್ತಿತ್ತು, ನೀರಿಗೆ ಹೇಳಿ ಗೊತ್ತಿರಲಿಲ್ಲ. "ಅಪ್ಪಾ, ನಿನಗೆ ವಂದನೆ," ಎಂದಳು. "ಜೆಬಕನಿಗೂ. ಆ ಸಾಂಬಾರಿನಮ್ಮನಿಗೂ." ಆಮೇಲೆ ಇಡೀ ಚೊಂಬು ಗಟಗಟನೆ ಕುಡಿದು, ಇನ್ನೊಂದು ಹಿಡಿದಳು.