ಅಪ್ಪ ಹೇಳುವ ಸಂಬಳ

ಕುಕ್ಕರ್ ಮತ್ತೆ ಕೂಗಿತು, ಅಮ್ಮ ಇನ್ನೂ ಒಲೆ ಆರಿಸಿಲ್ಲ, ಬೇಳೆ ಬೆಂದ ವಾಸನೆ ಬಾಗಿಲ ಸಂದಿಯಿಂದ ಒಳಗೆ ನುಗ್ಗುತ್ತಿದೆ, ಬೆಳಕು ಬರಬಾರದೆಂದು ಕಿಟಕಿಗೆ ಅಂಟಿಸಿದ ಕಪ್ಪು ಚಾರ್ಟ್ ಪೇಪರ್ ಒಂದು ಮೂಲೆಯಲ್ಲಿ ಬಿಟ್ಟುಕೊಂಡು ನವೆಂಬರಿನ ಬಿಸಿಲು ಸರಿಯಾಗಿ ನನ್ನ ಕಣ್ಣಿಗೇ ಬೀಳುತ್ತಿದೆ, ಬೀಳಲಿ, ರಾತ್ರಿಯಿಡೀ ಸರಕು ವಿಮಾನದ ಕಾಕ್‌ಪಿಟ್ಟಿನಲ್ಲಿ ಕೂತು ಬಂದವನಿಗೆ ನಿದ್ದೆ ಬರಬೇಕು, ಬರುತ್ತದೆ, ಬಲಕ್ಕೆ ಹೊರಳಿದರೆ ಬರುತ್ತದೆ — ಇಲ್ಲ, ಗೋಡೆಯಾಚೆ ಅಪ್ಪನ ದನಿ, ದೆಹಲಿಯ ಈ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನ ಗೋಡೆಗಳು ಹೆಸರಿಗಷ್ಟೇ ಗೋಡೆ, ಅದರಲ್ಲೂ ಭಾನುವಾರ ಅಪ್ಪನ ದನಿ ಆಫೀಸಿನ ದಿನಕ್ಕಿಂತ ಒಂದು ಸುತ್ತು ದೊಡ್ಡದು, ಕೈಗೇ ಒಂದೂವರೆ ಲಕ್ಷ ಬರುತ್ತೆ ಕಣ್ರೀ ಶಂಕರಪ್ಪನೋರೇ, ಎಲ್ಲಾ ಕಟ್ ಆಗಿ, ನಮ್ಮ ಮನೋಜಂಗೆ ಈಗ್ಲೇ ಇಷ್ಟು, ಇನ್ನು ಕ್ಯಾಪ್ಟನ್ ಆದ್ರೆ ಕೇಳ್ಲೇಬೇಡಿ. ಹೌದು, ಕೇಳಬೇಡಿ, ನಾನೂ ಅದನ್ನೇ ಹೇಳುವುದು, ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದು ಹೊರಟುಬಿಡಿ ಶಂಕರಪ್ಪನವರೇ. ಅವರು ಹೊರಡುವವರಲ್ಲ. ಅಪ್ಪನ ಸೆಕ್ಷನ್ನಿನಲ್ಲೇ ಅಸಿಸ್ಟೆಂಟ್ ಆಗಿರುವ ಮನುಷ್ಯ, ದಾವಣಗೆರೆ ಕಡೆಯವರು, ಅಪ್ಪ ಹೇಳಿದ್ದಕ್ಕೆಲ್ಲ ಹೌದು ಸಾರ್ ಎಂದು ಹೇಳಿಯೇ ಅಭ್ಯಾಸ, ಇವತ್ತು ಮಗಳನ್ನೂ ಕರೆದುಕೊಂಡು ಬಂದಿದ್ದಾರೆ, ಸ್ಫೂರ್ತಿ, ಹನ್ನೆರಡನೇ ಕ್ಲಾಸು ಮುಗಿಸಿದ ಹುಡುಗಿ, ಪೈಲಟ್ ಆಗುತ್ತಾಳಂತೆ. ಇಲ್ಲಿಂದ ನೇರ ಕನಾಟ್ ಪ್ಲೇಸಿನ ಫ್ಲೈಯಿಂಗ್ ಸ್ಕೂಲ್ ಆಫೀಸಿಗೆ ಹೋಗಿ ಮೊದಲ ಚೆಕ್ಕು ಕೊಡುತ್ತಾರಂತೆ, ಭಾನುವಾರವೂ ತೆರೆದಿರುತ್ತದಂತೆ, ದುಡ್ಡು ತಗೊಳ್ಳುವ ಆಫೀಸಿಗೆ ರಜೆ ಎಲ್ಲಿಯದು. ಜಿಪಿಎಫ್ ಉಳಿತಾಯ ಎಲ್ಲಾ ತೆಗ್ದೆ ಸಾರ್, ಅನ್ನುತ್ತಿದ್ದಾರೆ, ಪೇ ಕಮಿಷನ್ ಅರಿಯರ್ಸೂ ಅದಕ್ಕೇ ಹಾಕ್ದೆ, ಬಾಕಿದಕ್ಕೆ ಬ್ಯಾಂಕ್ ಲೋನು, ನಿಮ್ಮನ್ನ ನೋಡೇ ಧೈರ್ಯ ಮಾಡಿದ್ದು. ನಿಮ್ಮನ್ನು ನೋಡೇ! ನೋಡಿಯೇ ಇಲ್ಲವಲ್ಲ ನೀವು, ನಮ್ಮ ಮನೆಯ ಕಥೆಯ ಒಂದು ಪುಟವನ್ನೂ ನೋಡಿಲ್ಲ, ಬರೀ ಅಪ್ಪನ ಬಾಯಿ ನೋಡಿದ್ದೀರಿ.

ಒಂದೂವರೆ ಲಕ್ಷ, ಈ ಒಂದೂವರೆ ಲಕ್ಷ ಹುಟ್ಟಿದ್ದು ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ, ನಾನೇ ಕಣ್ಣಾರೆ ನೋಡಿದ್ದೇನೆ, ಕೆಲಸ ಸಿಕ್ಕಿತೆಂದು ಅಮ್ಮ ಪಾಯಸ ಮಾಡಿದ್ದಳು, ಅಪ್ಪ ಕನ್ನಡಕ ಏರಿಸಿಕೊಂಡು, ಪೇ ಸ್ಕೇಲ್ ಎಷ್ಟೋ, ಅಂದರು, ಸ್ಕೇಲ್ ಇಲ್ಲಪ್ಪ, ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್, ಆದ ಮೇಲೆ ತಿಂಗಳಿಗೆ ಇಷ್ಟು ಅಂತ ಫಿಕ್ಸೆಡ್, ಮೇಲೆ ಹಾರಿದ ಒಂದೊಂದು ಗಂಟೆಗೂ ಇಷ್ಟು. ಎಷ್ಟು ಗಂಟೆ ಹಾರಿಸಬೋದು, ಅಂದರು. ರೂಲ್ಸ್ ಪ್ರಕಾರ ಇಷ್ಟಕ್ಕಿಂತ ಹೆಚ್ಚು ಹಾರಬಾರದು ಅಂತ ಮಿತಿ ಇದೆ, ಅಂದೆ. ಅಷ್ಟೇ, ಅಪ್ಪ ಆ ಮಿತಿಯನ್ನೇ ಹಿಡಿದು ಗುಣಿಸಿಬಿಟ್ಟರು, ಪೆನ್ನಿನ ತುದಿ ಸರಸರ ಓಡಿತು, ಕೆಳಗೆ ಎರಡು ಗೆರೆ ಎಳೆದು ಮೊತ್ತ ಬರೆದರು. ಅವರ ತಪ್ಪೇ ಅಂತ ಹೇಳಲಾರೆ, ಮೂವತ್ತು ವರ್ಷ ಸರ್ಕಾರದಲ್ಲಿ ಬಿಲ್ಲು ಪಾಸು ಮಾಡಿದವರು, ಊರಿಗೆ ಹೋಗಿ ಬರುವ ಖರ್ಚಾಗಲಿ ಔಷಧಿ ಖರ್ಚಾಗಲಿ, ಮಿತಿ ಇಷ್ಟು ಎಂದರೆ ಎಲ್ಲರೂ ಅಷ್ಟನ್ನೂ ಕ್ಲೇಮ್ ಮಾಡಿಯೇ ಮಾಡುತ್ತಾರೆ, ಮಿತಿಯೆಂದರೆ ಅವರ ಮಟ್ಟಿಗೆ ಸಿಕ್ಕೇ ಸಿಗುವ ಹಣ. ಸರಕು ಇದ್ದರೆ ವಿಮಾನ, ವಿಮಾನವಿದ್ದರೆ ಗಂಟೆ, ಗಂಟೆ ಇದ್ದರೆ ದುಡ್ಡು ಎಂಬ ಲೋಕ ಅವರಿಗೆ ಗೊತ್ತಿಲ್ಲ. ನನಗೂ ಎಲ್ಲಿ ಗೊತ್ತಿತ್ತು, ಪಾಯಸ ತಿನ್ನುತ್ತಾ ಕೂತಿದ್ದೆ, ಗುಣಾಕಾರ ನೋಡಿ ನನಗೂ ಖುಷಿಯೇ ಆಗಿತ್ತು.

ಆಮೇಲೆ ಗೊತ್ತಾಯಿತಲ್ಲ. ಹದಿನೆಂಟು ಸಾವಿರ. ಟ್ರೈನೀ ಪೈಲಟ್‌ಗೆ ಸ್ಟೈಪೆಂಡ್ ಹದಿನೆಂಟು ಸಾವಿರ, ಹೇಳುವಾಗ ಮೂರೇ ತಿಂಗಳು ಅಂದಿದ್ದರು, ಇಷ್ಟು ಟ್ರಿಪ್ಪು ಸೀನಿಯರ್ ಜೊತೆ ಹಾರಿದರೆ ಆಯ್ತು, ಫಸ್ಟ್ ಆಫೀಸರ್, ಪೂರ್ತಿ ಸಂಬಳ — ವರ್ಷ ದಾಟಿತು, ಟ್ರಿಪ್ಪೇ ಇಲ್ಲ. ಕಂಪನಿಗಿದ್ದದ್ದು ಮೂರು ವಿಮಾನ, ಒಂದನ್ನು ಬಾಡಿಗೆ ಕಟ್ಟಲಾಗದೆ ವಾಪಸ್ಸು ಕೊಟ್ಟರು, ಇನ್ನೊಂದರ ಇಂಜಿನ್ ಬಿಚ್ಚಿ ಮೂರನೆಯದಕ್ಕೆ ಹಾಕಿದರು, ಉಳಿದ ಒಂದಕ್ಕೆ ನಾವು ಇಷ್ಟು ಜನ ಟ್ರೈನಿಗಳು ಸಾಲಿನಲ್ಲಿ ನಿಂತಿದ್ದೇವೆ, ನಿನ್ನೆಯದು ಎರಡು ವಾರದಲ್ಲಿ ನನಗೆ ಸಿಕ್ಕ ಒಂದೇ ಟ್ರಿಪ್ಪು. ವಿಮಾನದ ಎಣ್ಣೆ ರೇಟು ಏರಿದಾಗ ಎಣ್ಣೆ ಅಂದರು, ಇಳಿದ ಮೇಲೆ ಅಮೆರಿಕದಲ್ಲಿ ಬ್ಯಾಂಕ್ ಮುಳುಗಿತು, ಸರಕೇ ಇಲ್ಲ ಅಂದರು, ಇಲ್ಲಿ ಹಿಂದಿನ ತಿಂಗಳ ಹದಿನೆಂಟು ಸಾವಿರವೇ ಇನ್ನೂ ಬಂದಿಲ್ಲ. ಬಿಟ್ಟು ಹೋಗು ಅಂತೀರಾ, ಬಾಂಡ್ ಇದೆ, ಆ ವಿಮಾನ ಹಾರಿಸುವ ಟ್ರೈನಿಂಗಿಗೆ ದುಡ್ಡು ಕೊಟ್ಟವರು ನಾವು, ಬಿಟ್ಟು ಹೋದರೆ ದಂಡ ಕಟ್ಟಬೇಕಾದವರೂ ನಾವೇ, ಎಂಥ ಚೆಂದದ ವ್ಯಾಪಾರ. ನಿನ್ನೆ ವಿಮಾನದ ಹಿಂಭಾಗ ಪೂರ್ತಿ ಕೋಳಿಮರಿಗಳು, ರಟ್ಟಿನ ಪೆಟ್ಟಿಗೆಗಳಲ್ಲಿ ಸಾವಿರಾರು ಮರಿಗಳ ಚೀಚೀ, ಕಾಕ್‌ಪಿಟ್ಟಿನ ಬಾಗಿಲು ಹಾಕಿದರೂ ಆ ವಾಸನೆ, ಎಡಗಡೆ ಕ್ಯಾಪ್ಟನ್ ಚಂದ್ರಕಾಂತ್, ಹುಬ್ಬಳ್ಳಿಯವರು, ಅಮ್ಮ ಕಟ್ಟಿಕೊಟ್ಟ ಚಪಾತಿಯಲ್ಲಿ ಅರ್ಧ ಮುರಿದುಕೊಂಡು, ನಿನಗೆ ರೊಕ್ಕ ಬೇಕಾದ್ರ ಪ್ಯಾಸೆಂಜರ್ ಕಂಪನಿಗೆ ಹೋಗಬೇಕಿತ್ತಲೋ ತಮ್ಮಾ, ಅಂದರು, ಅವರೇನು ಬಾಗಿಲು ತೆರೆದುಕೊಂಡು ಕಾಯುತ್ತಿದ್ದಾರಾ ಸರ್, ಅವರೂ ಜನರನ್ನು ಕೆಲಸದಿಂದ ತೆಗೆಯುತ್ತಿದ್ದಾರೆ, ಅಂದೆ, ಹೌದು ಬಿಡು, ಎಂದು ಚಪಾತಿ ಅಗಿದರು. ಅವರ ಮೇಲೂ ಸಿಟ್ಟು ಬಂತು. ಈಗೀಗ ನನಗೆ ಯಾರ ಮೇಲೆ ಬೇಕಾದರೂ ಸಿಟ್ಟು ಬರುತ್ತದೆ, ಕೋಳಿಮರಿಗಳ ಮೇಲೂ ಬಂದಿತ್ತು.

ಆದರೆ ಎಲ್ಲರಿಗಿಂತ ಹೆಚ್ಚು ಗೋಡೆಯಾಚೆಯ ಈ ದನಿಯ ಮೇಲೆ, ಯಾಕೆಂದರೆ ಅವರಿಗೆ ಗೊತ್ತು, ಅಪ್ಪನಿಗೆ ಎಲ್ಲಾ ಗೊತ್ತು. ನನ್ನ ಪೈಲಟ್ ಕೋರ್ಸಿನ ಸಾಲದ ಕಂತು ತಿಂಗಳು ತಿಂಗಳು ಹೋಗುವುದು ಅವರ ಖಾತೆಯಿಂದ, ಅವರ ಅರಿಯರ್ಸು ಹೋದದ್ದೂ ಬ್ಯಾಂಕಿಗೇ, ಮೈಸೂರಿನ ಸೈಟು ಮೊದಲೇ ಮಾರಿಹೋಗಿತ್ತು, ಅಮ್ಮ ಕೆಲಸದವಳನ್ನು ಬಿಡಿಸಿ ಪಾತ್ರೆ ತಾನೇ ತಿಕ್ಕುತ್ತಾಳೆ, ಡಾಕ್ಟರು ನಡೀ ಅಂದಿದ್ದಾರಪ್ಪ, ಕೆಲಸ ಮಾಡಿದರೆ ಮೈಗೆ ಒಳ್ಳೇದು ಅಂತಾಳೆ. ಇಷ್ಟೆಲ್ಲ ಗೊತ್ತಿದ್ದೂ ಒಂದೂವರೆ ಲಕ್ಷ. ಒಂದು ಸಲ ಕೇಳಿದೆ, ಯಾಕಪ್ಪಾ ಹಾಗೆ ಹೇಳ್ತೀರಿ, ಪೇಪರ್ ಮಡಿಸದೆಯೇ ಅಂದರು, ಇವತ್ತಲ್ಲ ನಾಳೆ ಬರೋದೇ ತಾನೇ, ಎರಡು ತಿಂಗಳು ಮುಂಚೆ ಹೇಳಿದ್ರೆ ಏನು ಗಂಟು ಹೋಗುತ್ತೆ, ಹೊರಗಡೆ ನಮ್ಮ ಮರ್ಯಾದೆ ನಾವೇ ಕಳ್ಕೋಬೇಕಾ. ಅವರ ಅನ್ನ ತಿಂದು, ಅವರ ಕೈಲಿ ಕಂತು ಕಟ್ಟಿಸಿಕೊಂಡು, ಬಾಯಿ ತೆರೆಯಲು ನನಗೆಲ್ಲಿಯ ಹಕ್ಕು, ಬೇರೆಯವರ ಮುಂದೆ ಮೀಸೆ ತಿರುವಿಕೊಳ್ಳಲಿ, ಯಾರಿಗೇನು ನಷ್ಟ ಅಂದುಕೊಂಡೆ. ಇವತ್ತು ನಷ್ಟ ಆಗುವವರು ಬಂದು ಸೋಫಾ ಮೇಲೆ ಕೂತಿದ್ದಾರೆ. ಅಪ್ಪ ಈಗಲಾದರೂ ಹೇಳಬಹುದು, ಒಂದೇ ಮಾತು, ಸ್ವಲ್ಪ ತಡೀರಿ ಶಂಕರಪ್ಪನೋರೇ, ಈ ವರ್ಷ ಲೈನು ಚೆನ್ನಾಗಿಲ್ಲ — ಅಷ್ಟು ಸಾಕು, ಮರ್ಯಾದೆಯೂ ಉಳಿಯುತ್ತದೆ, ಹೇಳಿ ಅಪ್ಪ, ಹೇಳಿ. ನಿರ್ಧಾರ ಮಾಡಿದ್ಮೇಲೆ ಹಿಂದೆ ನೋಡ್ಬಾರ್ದು, ಅಪ್ಪ ಹೇಳುತ್ತಿದ್ದಾರೆ, ನಾನು ನೋಡಿದ್ನಾ. ಇನ್ನೊಬ್ಬರೂ ಇದರಲ್ಲಿ ಬಿದ್ದರೆ ತಾನೊಬ್ಬನೇ ಬಿದ್ದವನಾಗುವುದಿಲ್ಲ ಅಂತಲೇ? ಛೀ, ಅಪ್ಪನ ಬಗ್ಗೆ ಹೀಗೆ ಯೋಚಿಸಬಾರದು, ಆದರೆ ಯೋಚಿಸಿಯಾಯಿತು, ಹಾಸಿಗೆಯಲ್ಲಿ ಎದ್ದು ಕೂತಿದ್ದೇನೆ, ಕಾಲು ತಣ್ಣನೆಯ ನೆಲಕ್ಕೆ ತಾಗಿದೆ. ಭಯ್ಯಾ ಸೋ ರಹೇ ಹೈಂ ಕ್ಯಾ ಅಂಕಲ್, ಹುಡುಗಿಯ ದನಿ, ಮಿಲ್‌ನಾ ಥಾ ಉನ್‌ಸೇ, ನಾನು ಮಲಗಿದ್ದೇನಾ ಅಂತ, ನನ್ನನ್ನು ನೋಡಬೇಕಿತ್ತಂತೆ, ಅದಕ್ಕೆ ಶಂಕರಪ್ಪನವರು, ಕನ್ನಡದಲ್ಲಿ ಕೇಳಮ್ಮ, ಎಬ್ಬಿಸ್ಬೇಡಿ ಸಾರ್, ಸಾಹೇಬ್ರು ದಣಿದು ಬಂದಿರ್ತಾರೆ, ಟೈಮಾಯ್ತು, ನಾವಿನ್ನು ಬರ್ತೀವಿ, ಚೆಕ್ಕು ಕೊಟ್ಟು ಬರ್ತಾ ಸ್ವೀಟ್ ತರ್ತೀವಿ. ಸಾಹೇಬ್ರಂತೆ. ಚಪ್ಪಲಿ ಹುಡುಕಲಿಲ್ಲ, ಬಾಗಿಲು ತೆಗೆದೇಬಿಟ್ಟೆ.

ನಡುಮನೆಯ ಬೆಳಕು ಕಣ್ಣು ಚುಚ್ಚಿತು, ಶಂಕರಪ್ಪನವರು ಎದ್ದು ನಿಂತರು, ಅಪ್ಪನ ವಯಸ್ಸಿನವರು, ಬನಿಯನ್-ಪೈಜಾಮದಲ್ಲಿ ತಲೆ ಕೆದರಿಕೊಂಡು ನಿಂತ ನನ್ನನ್ನು ನೋಡಿ ಎದ್ದು ನಿಂತರು, ಬನ್ನಿ ಕ್ಯಾಪ್ಟನ್ ಸಾಹೇಬ್ರೇ, ನಿದ್ದೆ ಕೆಡಿಸಿದ್ವಾ, ಜೇಬಿನಲ್ಲಿ ಮಡಿಸಿಟ್ಟ ಚೆಕ್ಕಿನ ಅಂಚು ಕಾಣುತ್ತಿದೆ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಾಳೆ. ಹದಿನೆಂಟು ಸಾವಿರ ಅಂಕಲ್, ಅಂದೆ. ಏನಪ್ಪಾ? ನನ್ನ ಸಂಬಳ, ಹದಿನೆಂಟು ಸಾವಿರ, ಹಿಂದಿನ ತಿಂಗಳದ್ದು ಇನ್ನೂ ಬಂದಿಲ್ಲ, ನಿಮ್ಮ ಸಂಬಳ ನನಗಿಂತ ಜಾಸ್ತಿ, ಚೆಕ್ ಕೊಡಬೇಡಿ, ಕೋರ್ಸ್ ಮುಗಿಸಿದ ಹುಡುಗರು ಇನ್ನೂ ನೂರಾರು ಜನ ಕೆಲಸ ಇಲ್ಲದೆ ಕೂತಿದ್ದಾರೆ, ನನ್ನ ಕಂತು ಅಪ್ಪ ಕಟ್ತಿದ್ದಾರೆ, ಬೇಕಾದರೆ ಅವರನ್ನೇ ಕೇಳಿ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಅಪ್ಪನ ಕಡೆ ತಿರುಗಿದೆ, ಹೇಳಿ ಅಪ್ಪ. ಅಪ್ಪ ಟೀಪಾಯಿ ಮೇಲಿನ ಬಿಸ್ಕತ್ ತಟ್ಟೆಯನ್ನು ನೋಡುತ್ತಿದ್ದರು. ಅವರು ಹೇಳುತ್ತಾರೆ ಅನಿಸಿತು, ಖಂಡಿತ ಅನಿಸಿತು, ತುಟಿ ಅಲುಗಿತ್ತು, ಅಷ್ಟರಲ್ಲಿ ಶಂಕರಪ್ಪನವರು ಹೋ ಎಂದು ನಕ್ಕುಬಿಟ್ಟರು. ಬಿಡಿ ಬಿಡಿ ಸಾಹೇಬ್ರೇ, ಗೊತ್ತಾಯ್ತು, ನಿಮ್ಮಿಂದ ನಾನೇನ್ ಸಾಲ ಕೇಳೋಕೆ ಬಂದಿಲ್ಲಪ್ಪ, ಕಣ್ಣು ತಗಲುತ್ತೆ ಅಂತ ಸಂಬಳ ಕಮ್ಮಿ ಹೇಳ್ತಾರೆ ಸಾರ್, ನಮ್ಮ ಭಾವನೂ ಹಂಗೇ, ಕಾಂಟ್ರಾಕ್ಟರು, ಕೇಳಿದ್ರೆ ಬರೀ ಲಾಸ್ ಅಂತಾನೆ, ಇಲ್ಲೇ ದ್ವಾರಕಾದಲ್ಲಿ ಎರಡು ಫ್ಲ್ಯಾಟ್ ತಗೊಂಡಿದಾನೆ. ಅಪ್ಪ ತಲೆಯೆತ್ತಿದರು, ನನ್ನನ್ನು ನೋಡಲಿಲ್ಲ, ಅವರನ್ನು ನೋಡಿದರು, ಮತ್ತೆ ಅಪ್ಪನೂ ನಕ್ಕರು. ನಿದ್ದೆಗಣ್ಣು ನೋಡಿ, ತಮಾಷೆ ಮಾಡ್ತಾನೆ ಇವ್ನು, ಚಿಕ್ಕಂದಿನಿಂದ ಹಿಂಗೇ. ನಾನು ಚಿಕ್ಕಂದಿನಿಂದ ಯಾವತ್ತೂ ತಮಾಷೆ ಮಾಡಿದವನಲ್ಲ, ಅಮ್ಮನಿಗೆ ಗೊತ್ತು, ಅಮ್ಮ ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಕಿರುಚಬೇಕು, ಟೀಪಾಯಿ ಒದೆಯಬೇಕು, ಆ ಜೇಬಿಗೆ ಕೈ ಹಾಕಿ ಚೆಕ್ಕು ಕಿತ್ತು ಹರಿದುಹಾಕಬೇಕು, ಬೈಯಲು ಎಷ್ಟೋ ಮಾತು ಬರುತ್ತಿದೆ, ಹಿಂದಿಯಲ್ಲೂ ಬರುತ್ತಿದೆ, ನಿಜ ಹೇಳಿದವನನ್ನೇ ನೋಡಿ ಈ ಇಬ್ಬರೂ ನಗುತ್ತಿದ್ದಾರೆ.

ಆ ಹುಡುಗಿ ನಗುತ್ತಿಲ್ಲ. ಅವಳು ಕುರ್ಚಿಯ ಹತ್ತಿರ ನಿಂತಿದ್ದಾಳೆ, ಅದರ ಮೇಲೆ ಅಮ್ಮ ಇಸ್ತ್ರಿಗೆ ಕೊಡಲೆಂದು ತೆಗೆದಿಟ್ಟ ನನ್ನ ಯೂನಿಫಾರ್ಮ್ ಶರ್ಟು, ಪಕ್ಕದಲ್ಲಿ ಅದರ ಹೆಗಲಪಟ್ಟಿಗಳು, ಕಪ್ಪು ಬಟ್ಟೆಗೆ ಬಂಗಾರದ ಎರಡೆರಡು ಗೆರೆ, ಒಂದನ್ನು ಬೆರಳಿನಿಂದ ಸವರುತ್ತಿದ್ದಾಳೆ, ಭಯ್ಯಾ, ಆಪ್ ಮಝಾಕ್ ಕರ್ ರಹೇ ಹೋ ನಾ? ತಮಾಷೆ ತಾನೇ ಅಂತ ಕೇಳುತ್ತಿದ್ದಾಳೆ. ಇಲ್ಲ, ಅಂದೆ, ಸಚ್ ಬೋಲ್ ರಹಾ ಹೂಂ, ನಿಜಾನೇ ಹೇಳ್ತಿದೀನಿ. ನನ್ನ ಮುಖವನ್ನೇ ನೋಡಿದಳು, ಅರ್ಥವಾಯಿತು ಅವಳಿಗೆ, ಆದದ್ದು ನನಗೆ ಕಂಡಿತು, ಬಾಯಿ ಸ್ವಲ್ಪ ತೆರೆದುಕೊಂಡಿತು — ಹಾಕ್ಕೋಮ್ಮ, ಹಾಕ್ಕೊಂಡು ನಿಂತ್ಕೋ, ಒಂದ್ ಫೋಟೋ ತೆಗೀತೀನಿ, ಶಂಕರಪ್ಪನವರು ಮೊಬೈಲ್ ಹೊರಗೆ ತೆಗೆದಾಯಿತು, ಬೆಳಕಿಗೆ ಬಾ. ಅವಳ ಕುರ್ತಾದ ಹೆಗಲಿಗೆ ಪಟ್ಟಿ ತೂರಿಸಲು ಏನೂ ಇಲ್ಲ, ಇಟ್ಟರೆ ಜಾರುತ್ತದೆ, ಒಂದು ಜಾರಿ ನೆಲಕ್ಕೆ ಬಿತ್ತು, ಅಪ್ಪ ಬಗ್ಗಿ ಎತ್ತಿಕೊಟ್ಟರು, ನನ್ನ ಅಪ್ಪ, ಸೊಂಟನೋವಿನ ಮನುಷ್ಯ, ಬಗ್ಗಿ ಎತ್ತಿ ಅವಳ ಹೆಗಲ ಮೇಲಿಟ್ಟು, ಗಟ್ಟಿಯಾಗಿ ಹಿಡ್ಕೋಮ್ಮ, ಅಂದರು. ಅವಳು ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡ ಹಾಯಿಸಿ ಬಲಗೈಯಿಂದ ಎಡ ಹೆಗಲನ್ನು, ಎಡಗೈಯಿಂದ ಬಲ ಹೆಗಲನ್ನು ಒತ್ತಿ ಹಿಡಿದಳು, ಕಣ್ಣು ನನ್ನ ಮೇಲೆ, ನಗಮ್ಮ, ಅಂದರು ಅವರಪ್ಪ, ಮೊಬೈಲ್ ನಿಧಾನ, ಅಲ್ಲಾಡ್ಬೇಡ, ಅವಳು ಅಲ್ಲಾಡುತ್ತಿಲ್ಲ — ಹೊರಟರು, ಮೆಟ್ಟಿಲಿಳಿಯುವ ಸದ್ದು, ಆಟೋ ಭಯ್ಯಾ ಕನಾಟ್ ಪ್ಲೇಸ್ ಚಲೋಗೇ, ಅಪ್ಪ ಬಾಲ್ಕನಿಯಿಂದ ಕೈ ಬೀಸುತ್ತಿದ್ದಾರೆ, ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ, ನಾನು ಮತ್ತೆ ಮಲಗಿದ್ದೇನೆ, ಹೊದಿಕೆ ಮುಖದವರೆಗೆ ಎಳೆದುಕೊಂಡಿದ್ದೇನೆ, ಕತ್ತಲು, ಕತ್ತಲಲ್ಲಿ ಅವಳು ನಿಂತಿದ್ದಾಳೆ, ಅಡ್ಡ ಹಾಯಿಸಿದ ಎರಡು ಕೈ, ಕೆಳಗೆ ರಸ್ತೆ ತಿರುಗಿ ಆಟೋ ಸದ್ದು ಅಡಗಿತು, ಮುಚ್ಚಿದ ಕಣ್ಣೊಳಗಿಂದ ಅವಳು ಹೋಗಲಿಲ್ಲ, ಹೆಗಲು ಒತ್ತಿ ಹಿಡಿದ ಎರಡು ಕೈ, ಬೆರಳಿನ ಸಂದಿಯಲ್ಲಿ ಬಂಗಾರದ ಗೆರೆ, ಬಿಟ್ಟರೆ ಬೀಳುತ್ತದೆ, ಅದಕ್ಕೇ ಅಲ್ಲಾಡುತ್ತಿಲ್ಲ, ಎರಡು ಕೈ, ಬಿಟ್ಟರೆ ಬೀಳುತ್ತದೆ, ಎರಡು ಕೈ —