ವಿಲ್ಹೊನ ಮೂರನೆಯ ಟ್ರಿಗರ್

ಡೆಲ್ಬರ್ಟನ ಬಂದೂಕಿನ ಅಂಗಡಿಯಲ್ಲಿ ಬೆಣ್ಣೆಯ ಹಾಗೆ ಜಾರುವ ಪಿಸ್ತೂಲಿನ ಟ್ರಿಗರ್ ಮಂಗಳವಾರ ಸಂಜೆ ಗುರಿ ಹೊಡೆಯುವ ಕ್ಲಬ್ಬಿಗೆ ಹೋದ ಕೂಡಲೇ ಮೊಳೆಯ ಹಾಗೆ ಯಾಕೆ ಚುಚ್ಚುತ್ತದೆ ಎಂಬುದು ವಿಲ್ಹೊ ಕಾಂಗಸನಿಗೆ ಎಷ್ಟು ತಲೆ ಕೆರೆದುಕೊಂಡರೂ ತಿಳಿಯುತ್ತಿರಲಿಲ್ಲ. ಒಂದು ಸಲ ಆಗಿದ್ದರೆ ತನ್ನ ಗ್ರಹಚಾರ ಎಂದುಕೊಳ್ಳಬಹುದಿತ್ತು. ಎರಡು ಸಲ ಆಗಿತ್ತು.

ಮೊದಲು ಕೊಂಡದ್ದು ಚಪ್ಪಟೆ ಟ್ರಿಗರ್. ಬೆರಳು ಎಲ್ಲಿಟ್ಟರೂ ಒಂದೇ, ಗೆಣ್ಣಿಗೆ ಆರಾಮ ಎಂದು ಡೆಲ್ಬರ್ಟ್ ಹೇಳಿದ್ದ. ಅಂಗಡಿಯ ಕೌಂಟರಿನ ಮುಂದೆ ನಿಂತು ಗುಂಡಿಲ್ಲದ ಪಿಸ್ತೂಲನ್ನು ವಿಲ್ಹೊ ಇಪ್ಪತ್ತು ಸಲ ಒತ್ತಿ ನೋಡಿದ್ದ. ಸ್ವರ್ಗವೇ ಕೈಗೆ ಬಂದಂತಾಗಿತ್ತು. ಕ್ಲಬ್ಬಿನಲ್ಲಿ ಹತ್ತನೆಯ ಗುಂಡಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದು ಕೊಕ್ಕೆಯಂತೆ ಬಾಗಿದ್ದು. ಇದು ಬೆರಳನ್ನು ತೊಟ್ಟಿಲಿನ ಹಾಗೆ ಹಿಡಿದುಕೊಳ್ಳುತ್ತದೆ ಎಂದು ಡೆಲ್ಬರ್ಟ್ ಬಾಯ್ತುಂಬ ಹೊಗಳಿದ್ದ. ಅದೂ ಅಂಗಡಿಯಲ್ಲಿ ಸಾಧು, ಕ್ಲಬ್ಬಿನಲ್ಲಿ ರಾಕ್ಷಸ. ಅಂಗಡಿಯವನು ಬೇಕೆಂದೇ ಬೇರೊಂದನ್ನು ಕೂರಿಸಿ ಕೊಡುತ್ತಿದ್ದಾನೋ ಎಂಬ ಅನುಮಾನ ಕೂಡ ವಿಲ್ಹೊನಿಗೆ ಬಂದು ಹೋಯಿತು. ಡೆಲ್ಬರ್ಟ್ ಅಂಥವನಲ್ಲ. ಹಾಗಾದರೆ ಮೋಸ ಮಾಡುತ್ತಿರುವವರು ಯಾರು?

ಬೆರಳಿನದೇ ತಪ್ಪು ಎನ್ನೋಣವೆಂದರೆ ಪಾಪ, ಅದು ಮಾಡಿದ ಚಾಕರಿ ಕಡಿಮೆಯದಲ್ಲ. ಮೂವತ್ತೊಂದು ವರ್ಷ ವಿಲ್ಹೊ ಹಳ್ಳಿದಾರಿಗಳಲ್ಲಿ ಅಂಚೆ ಹಂಚಿದವನು. ಹಿಮ ಸುರಿಯಲಿ ಬಿಡಲಿ, ಕಾರಿನ ಕಿಟಕಿಯಿಂದ ಬಲಗೈ ಚಾಚಿ, ಹೆಪ್ಪುಗಟ್ಟಿದ ಅಂಚೆಡಬ್ಬಗಳ ಬಾಗಿಲನ್ನು ಅದೇ ತೋರುಬೆರಳಿನಿಂದ ಎಳೆದು ತೆಗೆದವನು. ನಿವೃತ್ತಿಯಾಗಿ ಏಳು ವರ್ಷವಾದ ಮೇಲೆ ಬೆರಳು ಈಗ ಸೇಡು ತೀರಿಸಿಕೊಳ್ಳುತ್ತಿತ್ತು. ನಡುಗೆಣ್ಣು ಊದಿ ನೆಲ್ಲಿಕಾಯಿಯಷ್ಟಾಗಿತ್ತು. ಕ್ಲಬ್ಬಿನ ಆಟವಾದರೋ ಒಂಟಿಕೈಯ ಆಟ. ಐವತ್ತು ಅಡಿ ದೂರದ ಕಾಗದದ ಕಪ್ಪು ವೃತ್ತಕ್ಕೆ ಒಂದೇ ಕೈಯಲ್ಲಿ ಗುರಿಯಿಟ್ಟು ನಿಲ್ಲಬೇಕು. ಇನ್ನೊಂದು ಕೈ ಜೇಬಿನಲ್ಲಿ ಸುಮ್ಮನಿರಬೇಕು.

ನೋವನ್ನಾದರೂ ಹಲ್ಲುಕಚ್ಚಿ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ತನ್ನಿಂದಾಗಿ ಆರ್ಡಿತ್ ಸಾರ್ವೆಲಾ ಸೋಲುವುದು. ಕ್ಲಬ್ಬಿನ ಪಂದ್ಯ ಜೋಡಿಗಳದು. ವಿಲ್ಹೊ ಮತ್ತು ಆರ್ಡಿತ್ ಇಪ್ಪತ್ತೆರಡು ಚಳಿಗಾಲ ಜೋಡಿಯಾಗಿ ಹೊಡೆದವರು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಅವಳಿಗೆ ಎಪ್ಪತ್ತೊಂದು ವಯಸ್ಸು. ಕೈ ಮಾತ್ರ ಇನ್ನೂ ಕಂಬದಷ್ಟು ಗಟ್ಟಿ. ಅವಳ ಅಂಕ ನಿಂತಲ್ಲೇ ನಿಂತಿತ್ತು, ಇವನದು ವಾರವಾರವೂ ಇಳಿಯುತ್ತಿತ್ತು. ಬರುವ ಮಂಗಳವಾರಕ್ಕೂ ಇದೇ ಪಾಡಾದರೆ ತನ್ನ ಹೆಸರು ಹೊಡೆದುಹಾಕಿಬಿಡಿ ಎಂದು ವಿಲ್ಹೊ ಕಾರ್ಯದರ್ಶಿಗೆ ಗುಟ್ಟಾಗಿ ಹೇಳಿಟ್ಟಿದ್ದ. ಅವಳಿಗೆ ಒಳ್ಳೆಯ ಜೋಡಿ ಸಿಗಲಿ. ಈ ಮಾತನ್ನು ಅವಳೆದುರು ಆಡಲು ಮಾತ್ರ ಅವನ ನಾಲಿಗೆ ಏಳಲಿಲ್ಲ. ಟ್ರಿಗರ್ ಸರಿಯಿಲ್ಲ ಎಂದಷ್ಟೇ ಹೇಳುತ್ತ ಬಂದಿದ್ದ.

ಶನಿವಾರ ಬೆಳಿಗ್ಗೆ ಅವನು ಪಿಸ್ತೂಲಿನ ಪೆಟ್ಟಿಗೆಯನ್ನು ಪಿಕಪ್ಪಿಗೆ ಹಾಕುವ ಹೊತ್ತಿಗೆ ಆರ್ಡಿತ್ ಕೋಟು ತೊಟ್ಟು ಅಂಗಳದಲ್ಲಿ ನಿಂತಿದ್ದಳು. ಅವಳ ಮನೆ ರಸ್ತೆಯ ಆಚೆಬದಿ.

“ಎಲ್ಲಿಗೆ?” ಎಂದ ವಿಲ್ಹೊ.

“ನೀನು ಹೋಗೋ ಕಡೆಗೆ. ಎರಡು ಸಲ ಒಬ್ಬನೇ ಹೋಗಿ ಬಂದ ಚಂದ ನೋಡಿದೀನಲ್ಲ.”

ಅವಳು ಕರೆಯದೆ ಹತ್ತಿ ಕೂತಳು. ಇಳಿ ಎನ್ನುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

ಡೆಲ್ಬರ್ಟನ ಅಂಗಡಿಗೆ ಯಾರೇ ಬರಲಿ, ಮೊದಲು ಕೈಗೆ ಕಾಫಿ ಬರಬೇಕು. ದಪ್ಪ ಪಿಂಗಾಣಿ ಲೋಟ, ಅಂಚಿನವರೆಗೆ ಕಾಫಿ, ಪಕ್ಕದಲ್ಲಿ ಅವನ ಹೆಂಡತಿ ಮನೆಯಲ್ಲೇ ಮಾಡಿದ ಏಲಕ್ಕಿ ಬ್ರೆಡ್ಡಿನ ತುಂಡು. ಅದು ಮುಗಿಯದೆ ವ್ಯಾಪಾರದ ಮಾತೆತ್ತಿದರೆ ಅವನಿಗೆ ಅವಮಾನ ಮಾಡಿದಂತೆ. ವಿಲ್ಹೊ ಎರಡು ಲೋಟ ಮುಗಿಸಿ ಮೂರನೆಯದನ್ನು ಅಂಗೈಗಳ ನಡುವೆ ಇಟ್ಟುಕೊಂಡ. ಡೆಲ್ಬರ್ಟ್ ಕೌಂಟರಿನ ಮೇಲೆ ಹಸಿರು ಬಟ್ಟೆ ಹಾಸಿದ. ಬೇರೆ ಬೇರೆ ಟ್ರಿಗರ್ ಕೂರಿಸಿದ್ದ ಪ್ರದರ್ಶನದ ಪಿಸ್ತೂಲುಗಳನ್ನು ಅದರ ಮೇಲೆ ಸಾಲಾಗಿ ಇಟ್ಟ. ಒಂದೊಂದನ್ನೂ ತೆರೆದು ಖಾಲಿ ಎಂದು ತೋರಿಸಿದ.

ವಿಲ್ಹೊ ಒಂದನ್ನೆತ್ತಿ ಗೋಡೆಯ ಮೇಲಿನ ಜಿಂಕೆತಲೆಗೆ ಗುರಿಯಿಟ್ಟು ಒತ್ತಿದ. ಚೆನ್ನಾಗಿತ್ತು. ಪಕ್ಕದ್ದನ್ನು ಒತ್ತಿದ. ಅದೂ ಚೆನ್ನಾಗಿತ್ತು. ಅಗಲ ಮುಖದ್ದು ಇನ್ನೂ ಚೆನ್ನಾಗಿತ್ತು. ಮರಳಿ ಮೊದಲನೆಯದಕ್ಕೆ ಬಂದರೆ ಇದೇ ಮೇಲೇನೋ ಅನ್ನಿಸಿತು. ತನ್ನ ಕಣ್ಣಲ್ಲಿ ನೀರು ತರಿಸಿದ್ದ ಚಪ್ಪಟೆಯದನ್ನೂ ಎತ್ತಿ ಒತ್ತಿದ. ಅದು ಹಾಲುಗೂಸಿನ ಕೆನ್ನೆಯಷ್ಟು ಮೆತ್ತಗಿತ್ತು. ವಿಲ್ಹೊ ತಬ್ಬಿಬ್ಬಾದ.

“ಎಲ್ಲಾ ಚೆನ್ನಾಗಿದಾವೆ. ಮಂಗಳವಾರ ಇದರಲ್ಲಿ ಒಂದೂ ಚೆನ್ನಾಗಿರಲ್ಲ. ನಂಗೇನೂ ಅರ್ಥ ಆಗ್ತಿಲ್ಲಪ್ಪ.”

“ಇನ್ನೂ ಹಗುರ ಮಾಡಿಕೊಡ್ಲಾ?” ಎಂದ ಡೆಲ್ಬರ್ಟ್.

“ಹಗುರ ಮಾಡಿದ್ರೆ ತೂಕದ ಕಲ್ಲು ಎತ್ತುತ್ತಾ? ಪಂದ್ಯಕ್ಕೆ ಮುಂಚೆ ಎರಡು ಪೌಂಡಿನ ಕಲ್ಲನ್ನ ಟ್ರಿಗರಿಗೆ ನೇತುಹಾಕ್ತಾರೆ. ನೆಲದಿಂದ ಎತ್ತುವಾಗ ಟಕ್ ಅಂದ್ರೆ ಮನೆಗೆ ಹೋಗು ಅಂತಾರೆ.”

ಅಷ್ಟು ಹೊತ್ತೂ ಕಿಟಕಿಯ ಕಡೆ ಮುಖಮಾಡಿ ಕೂತಿದ್ದ ಆರ್ಡಿತ್ ಬ್ರೆಡ್ಡಿನ ಪುಡಿ ಕೊಡವಿಕೊಂಡು ಎದ್ದಳು. “ವಿಲ್ಹೊ, ಕೈ ಕೊಡಿಲ್ಲಿ.”

ಅವನು ಕೊಟ್ಟ. ಅವಳು ತೋರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದಳು. ಊದಿದ ಗೆಣ್ಣಿನ ಮೇಲೆ ಅವಳ ಹೆಬ್ಬೆರಳು ಒಂದು ಗಳಿಗೆ ನಿಂತಿತು. ವಿಲ್ಹೊ ಜಿಂಕೆತಲೆಯನ್ನು ನೋಡಿದ.

“ಇದನ್ನ ಕಾಫಿಲೋಟಕ್ಕೆ ಅಪ್ಪಿಸಿ ಅರ್ಧ ಗಂಟೆ ಬೇಯಿಸಿದೀಯ. ಇಷ್ಟು ಬೆಚ್ಚಗಿದ್ರೆ ಮುಳ್ಳುಹಂದಿನೂ ಮೆತ್ತಗೇ ಇರುತ್ತೆ. ಕ್ಲಬ್ಬಿನ ನೆಲಮಾಳಿಗೆಯಲ್ಲಿ ನಿಂಗ್ಯಾರು ಕಾಫಿ ಇಟ್ಟಿರ್ತಾರೆ?”

ಡೆಲ್ಬರ್ಟ್ ತನ್ನ ಕಾಫಿಪಾತ್ರೆಯನ್ನು ತಪ್ಪಿತಸ್ಥನಂತೆ ನೋಡಿದ. ನೆಲಮಾಳಿಗೆಯನ್ನು ಬೆಚ್ಚಗಿಡುವ ಒಲೆ ಮೂರು ಚಳಿಗಾಲದಿಂದ ಕೆಟ್ಟಿದ್ದು ಮೂವರಿಗೂ ಗೊತ್ತಿತ್ತು.

“ಹೊರಗೆ ಹೋಗು. ಮೆಟ್ಟಿಲಿನ ಕಬ್ಬಿಣದ ಕಂಬಿ ಹಿಡ್ಕೊಂಡು ಐದು ನಿಮಿಷ ನಿಂತ್ಕೋ. ಗ್ಲೌಸು ಇಲ್ಲೇ ಇಟ್ಟು ಹೋಗು.”

“ಹುಚ್ಚಾ ನಿಂಗೆ?”

“ಹುಚ್ಚು ಇದ್ದದ್ದಕ್ಕೇ ಇಪ್ಪತ್ತೆರಡು ವರ್ಷ ನಿನ್ನ ಜೊತೆ ಹೊಡೆದಿರೋದು. ನಡಿ.”

ವಿಲ್ಹೊ ಕಂಬಿ ಹಿಡಿದು ನಿಂತ. ಸರೋವರದ ಕಡೆಯಿಂದ ಬೀಸುವ ಗಾಳಿ ಕಿವಿ ಕತ್ತರಿಸುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಾಡಿ ನಿಧಾನ ಮಾಡಿ, ಬಸ್ಸಿಗೆ ಕಾಯ್ತಿದೀಯೇನಯ್ಯ ಎಂದು ಕೇಳಿ ನಕ್ಕು ಹೋದರು. ಆ ಊರಿಗೆ ಬಸ್ಸು ನಿಂತು ಹದಿನೈದು ವರ್ಷವಾಗಿತ್ತು. ಅವಳು ಗೆಣ್ಣನ್ನು ಮುಟ್ಟಿದಳು, ಅವಳಿಗೆ ತಿಳಿದುಹೋಯಿತು ಎಂಬುದೊಂದೇ ಅವನ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ತಿಳಿದ ಮೇಲೂ ಯಾಕೆ ಏನೂ ಹೇಳಲಿಲ್ಲ?

ಒಳಗೆ ಬಂದು ಚಪ್ಪಟೆಯದನ್ನು ಒತ್ತಿದ. ಮೊಳೆ. ಕೊಕ್ಕೆಯದನ್ನು ಒತ್ತಿದ. ಅದೇ ಹಳೆಯ ರಾಕ್ಷಸ. ಅಗಲ ಮುಖದ್ದು ಮಾತ್ರ ನೋವನ್ನು ಬೆರಳ ತುಂಬ ಹರಡಿ ಮೆಲ್ಲಗೆ ಹಿಂದಕ್ಕೆ ಸರಿಯಿತು. ಎಡಬದಿಯಲ್ಲಿ ಏನೋ ಒಂದಿಷ್ಟು ಕೆರೆಯುತ್ತಿತ್ತು. ಡೆಲ್ಬರ್ಟ್ ಕನ್ನಡಕ ಏರಿಸಿ, ದೀಪ ಎಳೆದು ನೋಡಿ, “ಏನೂ ಇಲ್ವಲ್ಲ, ಕನ್ನಡಿ ಇದ್ದಂಗಿದೆ” ಎಂದ.

ಆರ್ಡಿತ್ ಪಿಸ್ತೂಲನ್ನು ತೆಗೆದುಕೊಂಡಳು. ಅದನ್ನು ನೋಡಲೇ ಇಲ್ಲ. ಮುಖವನ್ನು ಕಿಟಕಿಗೆ ತಿರುಗಿಸಿ ಉಗುರಿನ ತುದಿಯನ್ನು ಟ್ರಿಗರಿನ ಅಂಚಿನುದ್ದಕ್ಕೂ ಎಳೆದಳು.

“ಇಲ್ಲಿ. ಕೂದಲೆಳೆಯಷ್ಟು ಸಿಬಿರು ಎದ್ದಿದೆ. ಉಜ್ಜಿಬಿಡು ಡೆಲ್ಬರ್ಟ್.”

ಡೆಲ್ಬರ್ಟ್ ಮುಟ್ಟಿ ನೋಡಿ ತಲೆಯಾಡಿಸಿದ. “ಶಾಲೇಲಿ ಬಟಾಣಿಯಲ್ಲಿ ಕಲ್ಲು ಹುಡುಕ್ತಿದ್ದ ಕೈ ಅಲ್ವಾ ಮಿಸೆಸ್ ಸಾರ್ವೆಲಾ.”

“ಸಿಕ್ಕಿದ ಕಲ್ಲನ್ನೆಲ್ಲ ನಿನ್ನ ತಟ್ಟೆಗೇ ಹಾಕ್ತಿದ್ದೆ. ಮಾತು ಕಮ್ಮಿ ಮಾಡು, ಉಜ್ಜು.”

ಅವನು ಕಪಾಟಿನಿಂದ ಅದೇ ನಮೂನೆಯ ಹೊಸ ಟ್ರಿಗರ್ ತೆಗೆದ. ಅದರಲ್ಲೂ ಅದೇ ಜಾಗದಲ್ಲಿ ಸಿಬಿರಿತ್ತು. ಅದನ್ನು ಉಜ್ಜಿ ವಿಲ್ಹೊನ ಪಿಸ್ತೂಲಿಗೆ ಕೂರಿಸುತ್ತಿರುವಾಗ ವಿಲ್ಹೊ ಅದರ ಖಾಲಿ ಡಬ್ಬಿಯನ್ನು ಆರ್ಡಿತ್‌ಳ ಕಡೆ ಚಾಚಿದ. ಅವನ ಕನ್ನಡಕ ಗಾಡಿಯಲ್ಲಿತ್ತು. “ಎರಡು ಪೌಂಡ್ ತಡಿಯುತ್ತಾ, ಏನು ಬರ್ದಿದಾರೆ ಓದು.”

ಅವಳು ಡಬ್ಬಿಯನ್ನು ಮುಖದ ಮುಂದೆ ಹಿಡಿದಳು. “ಹ್ಞೂ, ಬರ್ದಿದಾರೆ. ತಡಿಯುತ್ತೆ.”

ಕನ್ನಡಕವಿಲ್ಲದಿದ್ದರೂ ವಿಲ್ಹೊನಿಗೆ ಅಷ್ಟು ಕಾಣುತ್ತಿತ್ತು. ಅವಳ ಕಡೆಗಿದ್ದದ್ದು ಡಬ್ಬಿಯ ತಳ. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

ಅವನು ಡಬ್ಬಿಯನ್ನು ವಾಪಸು ತೆಗೆದುಕೊಂಡ. ಹೊರಗೆ ಪಿಕಪ್ಪಿನಲ್ಲಿ ಕೂತ ಮೇಲೂ ಗಾಡಿಯ ಕೀಲಿ ತಿರುಗಿಸಲಿಲ್ಲ. ಎರಡು ವರ್ಷದ ಹಿಂದೆ ಅವಳು ತನ್ನ ಹಳೆಯ ಪಿಸ್ತೂಲಿಗೆ ಗುರಿಯಿಡಲು ಕೆಂಪು ಚುಕ್ಕೆ ಹೊಳೆಯುವ ಗಾಜು ಹಾಕಿಸಿದಾಗ, ಮುದುಕಿಗೆ ಶೋಕಿ ಬಂತು ಎಂದು ಕ್ಲಬ್ಬಿನವರೆಲ್ಲ ರೇಗಿಸಿದ್ದು ನೆನಪಾಯಿತು. ಅವರಿಗಿಂತ ಜೋರಾಗಿ ರೇಗಿಸಿದವನು ತಾನೇ.

“ಆರ್ಡಿತ್, ನಿಂಗೆ ಕಣ್ಣು ಎಷ್ಟು ಕಾಣುತ್ತೆ?”

ಅವಳು ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದಳು.

“ಕಪ್ಪು ವೃತ್ತ ಕಾಣುತ್ತೆ. ಕೆಂಪು ಚುಕ್ಕೆ ಕಾಣುತ್ತೆ. ಗುಂಡು ಬಿದ್ದ ತೂತು ಕಾಣಲ್ಲ. ದುರ್ಬೀನು ಇಟ್ಟು ನೋಡಿದ್ರೂ ಮಂಜು. ನೀನು ಹಿಂದೆ ನಿಂತು ಅಂಕ ಒಂಬತ್ತು, ಬಿದ್ದದ್ದು ನಾಲ್ಕು ಗಂಟೆಗೆ ಅಂತ ಕೂಗ್ತೀಯಲ್ಲ, ಆಗ ಗಡಿಯಾರದ ನಾಲ್ಕು ಎಲ್ಲಿದೆ ಅಂತ ನೆನಪು ಮಾಡ್ಕೊಂಡು ಕೈನ ಅದರ ಎದುರು ಕಡೆಗೆ ಸರಿಸ್ತೀನಿ. ಎರಡು ವರ್ಷ ಹಂಗೇ ಹೊಡ್ದಿದೀನಿ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಬೆರಳಿನ ವಿಷಯ ಹೇಳಿದ್ಯಾ?”

ತಾನು ಅವಳನ್ನು ಮುಳುಗಿಸುತ್ತಿದ್ದೇನೆ ಎಂದು ನಾಲ್ಕು ತಿಂಗಳಿಂದ ನಿದ್ದೆಗೆಟ್ಟ ವಿಲ್ಹೊನಿಗೆ ಈಗ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂಬುದೇ ಗೋಜಲಾಯಿತು.

“ನನ್ನ ಹೆಸರು ತೆಗೆಸೋಣ ಅಂತಿದ್ದೆ,” ಎಂದ.

“ಗೊತ್ತು. ಕಾರ್ಯದರ್ಶಿ ಹೆಂಡ್ತಿ ಹೇಳಿದ್ಲು. ಅದಕ್ಕೇ ಇವತ್ತು ಬಂದದ್ದು.” ಅವಳು ಕಿಟಕಿಯಾಚೆ ನೋಡಿದಳು. “ಬೇರೆಯವ್ರು ಚೆನ್ನಾಗಿ ಹೊಡೀಬಹುದು. ನಿನ್ನಂಗೆ ನಿಜ ಕೂಗಲ್ಲ. ಮುದುಕಿ ಅಂತ ಏಳನ್ನ ಒಂಬತ್ತು ಅಂದ್ಬಿಡ್ತಾರೆ. ಆಮೇಲೆ ನಾನು ಕತ್ತಲೇಲೇ ಇರ್ಬೇಕು.”

ಮಂಗಳವಾರ ಸಂಜೆ ನೆಲಮಾಳಿಗೆಯಲ್ಲಿ ಬಾಯಿಂದ ಹೊಗೆ ಬರುವಷ್ಟು ಚಳಿ. ವಿಲ್ಹೊನ ಹೊಸ ಟ್ರಿಗರ್ ಎರಡು ಪೌಂಡಿನ ಕಲ್ಲನ್ನು ನೆಲದಿಂದ ಎತ್ತಿ ಹಿಡಿಯಿತು, ಸದ್ದು ಮಾಡಲಿಲ್ಲ. ಅವನು ತನ್ನ ಪಾಲಿನ ಮೂವತ್ತು ಗುಂಡು ಹೊಡೆದ. ಅಂಕ ಹಿಂದಿನ ವಾರಕ್ಕಿಂತ ಹೆಚ್ಚು ಬಂತು, ಬೀಗುವಷ್ಟೇನೂ ಅಲ್ಲ.

ಆಮೇಲೆ ಆರ್ಡಿತ್ ಗೆರೆಗೆ ಬಂದಳು. ಅವನು ತೂತು ನೋಡಲು ನಿಲ್ಲಿಸಿದ್ದ ದುರ್ಬೀನಿಗೆ ಕಣ್ಣು ಹಚ್ಚಿ ಅವಳ ಬೆನ್ನ ಹಿಂದೆ ನಿಂತ. ಇಷ್ಟು ವರ್ಷ ಅಭ್ಯಾಸಬಲದಿಂದ ಕೂಗುತ್ತಿದ್ದವನು ಇವತ್ತು ದುರ್ಬೀನಿನ ತಿರುಪನ್ನು ಎರಡೆರಡು ಸಲ ತಿರುಗಿಸಿ ನೋಡಿದ. ಅವಳ ಮೊದಲ ಗುಂಡು ಕೆಟ್ಟದಾಗಿ ಎಡಕ್ಕೆ, ಕೆಳಕ್ಕೆ ಹೋಯಿತು. ಒಂಬತ್ತು ಎಂದುಬಿಡಬೇಕೆಂಬ ಆಸೆ ಅವನ ನಾಲಿಗೆಯ ತುದಿಗೆ ಬಂದು ನಿಂತಿತು.

“ಏಳು,” ಎಂದ. “ಎಂಟು ಗಂಟೆಗೆ.”

ಅವಳ ಹೆಗಲು ಸಡಿಲವಾಯಿತು. ಕೈ ಕೂದಲೆಳೆಯಷ್ಟು ಬಲಕ್ಕೆ, ಮೇಲಕ್ಕೆ ಸರಿಯಿತು. ಗುಂಡು ಹಾರಿತು.

“ಹತ್ತು.”

“ನಿಜವಾಗ್ಲೂ?”

“ನಡೂಮಧ್ಯ.”

ಅವಳು ಮೊದಲ ಹತ್ತು ಗುಂಡು ಮುಗಿಸಿ, ಪಿಸ್ತೂಲು ತೆರೆದಿಟ್ಟು, ಹಿಂದೆ ತಿರುಗದೆ ಕೇಳಿದಳು. “ಆ ಹೊಸದು ಹೆಂಗಿತ್ತೋ? ಬೆರಳು ನೋಯ್ತಾ?”

ವಿಲ್ಹೊ ತನ್ನ ತೋರುಬೆರಳನ್ನು ಎತ್ತಿ ನೋಡಿಕೊಂಡ. ಮಡಚಿದ, ಬಿಡಿಸಿದ. ಮೂವತ್ತು ಗುಂಡು ಹೊಡೆಯುವಾಗಲೂ ಅವನ ಜೀವವೆಲ್ಲ ಅವಳ ಸರದಿಯ ಮೇಲೇ ಇತ್ತು.

“ಗೊತ್ತಿಲ್ಲ ಕಣೇ,” ಎಂದ. “ನೋಡ್ಕೊಳ್ಳೋದೇ ಮರ್ತೋಯ್ತು.”